ಫ್ಯಾನ್ ಕೆಪಾಸಿಟರ್ ಮತ್ತು ಮಾಸ್ತರರ ತಂಬೂರಿ

ಧಾರವಾಡದ ಮಾಳಮಡ್ಡಿಯಿಂದ ಸಂಗೀತದ ಮಾಸ್ತರರೊಬ್ಬರು ಫೋನ್ ಮಾಡಿದ್ದರು. "ತಮ್ಮಾ, ಬಲಗಡೆಯ ಸ್ಪೀಕರ್ ಡಬ್ಬಿಯಲ್ಲಿ ತಂಬೂರಿಗೆ ಜವಾರಿಯೇ ಇಲ್ಲ. ತಂತಿ ಬಿಚ್ಚಿ ಹಗ್ಗ ಕಟ್ಟಿ ಮೀಟಿದ ಹಾಗೆ ಕೇಳುತ್ತದೆ" ಎಂದರು. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಮೂವತ್ತು ವರ್ಷಗಳಿಂದ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತ ಕೂತಿದ್ದೇನೆ. ಗಿರಾಕಿಗಳು "ಸೌಂಡ್ ಸರಿ ಇಲ್ಲ" ಎನ್ನುವುದಕ್ಕಿಂತ ಹೆಚ್ಚು ಹೇಳುವುದಿಲ್ಲ. ಫೋನಿನಲ್ಲಿಯೇ ರೋಗದ ಅರ್ಧ ಪತ್ತೆ ಕೊಟ್ಟವರು ಇವರೊಬ್ಬರೇ. ತಂಬೂರಿಯ ಕುದುರೆಯ ಮೇಲೆ ನೂಲಿನ ಎಳೆ ಸಿಕ್ಕಿಸಿ ಹುಟ್ಟಿಸುವ ಆ ಝೇಂಕಾರವೆಲ್ಲ ಮೇಲಿನ ಸ್ವರಾಂಶಗಳದ್ದು. ಅದು ಹೋಗಿದೆ ಎಂದರೆ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಸುಮ್ಮನಾಗಿದೆ.

ಬೇರೊಬ್ಬರು ಆಗಲೇ ನೋಡಿ, ಟ್ವೀಟರ್ ಸುಟ್ಟಿದೆ, ಹಳೆಯ ಕಾಲದ್ದು, ಸಿಗುವುದಿಲ್ಲ, ಹೊಸ ಸ್ಪೀಕರ್ ತೆಗೆದುಕೊಳ್ಳಿ ಎಂದು ಹೇಳಿ ಹೋಗಿದ್ದರಂತೆ. 1980ರ ದಶಕದ ಆರಂಭದಲ್ಲಿ ಕೊಂಡ ಜೋಡಿ ಅದು. ಕೆಳಗಿನ ಸ್ವರಗಳಿಗೆ ಎಂಟು ಇಂಚಿನ ವೂಫರ್, ಮೇಲೆ ಪುಟ್ಟ ಟ್ವೀಟರ್, ತೇಗದ ಬಣ್ಣದ ಕವಚ. ಆ ಭಾರದ ಡಬ್ಬಿಗಳನ್ನು ಹುಬ್ಬಳ್ಳಿಗೆ ತರಿಸುವ ಬದಲು ನಾನೇ ಸಾಮಾನಿನ ಚೀಲ ಹಿಡಿದು ಚಿಗರಿ ಬಸ್ ಹತ್ತಿದೆ.

ಮೊದಲು ಎಡ ಬಲದ ತಂತಿಗಳನ್ನು ಅದಲುಬದಲು ಮಾಡಿದೆ. ದೋಷ ಬಲಗಡೆಯ ಡಬ್ಬಿಯಲ್ಲಿಯೇ ಉಳಿಯಿತು. ಆಂಪ್ಲಿಫೈಯರೂ ತಂತಿಯೂ ನಿರ್ದೋಷಿ ಎಂದಾಯಿತು. ಟ್ವೀಟರ್ ಬಿಚ್ಚಿ, ಒಂದು ತಂತಿ ಕಳಚಿ ಮಲ್ಟಿಮೀಟರ್ ಹಚ್ಚಿದೆ. 5.9 ಓಮ್. ಎಂಟು ಓಮಿನ ಟ್ವೀಟರ್ ಮೀಟರಿನಲ್ಲಿ ಸುಮಾರು ಆರು ತೋರಿಸಿದರೆ ಅದು ಆರೋಗ್ಯವಂತ ಎಂದೇ ಅರ್ಥ. ಮೀಟರಿನ ಕಡ್ಡಿ ತಾಗಿದಾಗ ಒಳಗಿನಿಂದ ಸಣ್ಣಗೆ ಚಿಟಿಕೆಯಂಥ ಸದ್ದೂ ಬಂತು. ಸುಟ್ಟಿದೆ ಎಂದವರು ಇಷ್ಟನ್ನೂ ಮಾಡಿರಲಿಲ್ಲ.

ಇನ್ನು ಉಳಿದದ್ದು, ಸ್ವರಗಳನ್ನು ಪಾಲು ಮಾಡಿ ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರ್. ವೂಫರ್ ಕಳಚಿ ಕೈ ಹಾಕಿದರೆ ಮೊದಲು ಸಿಕ್ಕದ್ದು ಕಡಜ ಕಟ್ಟಿದ ಮಣ್ಣಿನ ಗೂಡು. ಅದರ ಹಿಂದೆ, ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ ಸಣ್ಣ ಬೋರ್ಡು. ಎರಡು ಕಾಯಿಲ್, ಎರಡು ಕೆಪಾಸಿಟರ್, ಒಂದು ಬಿಳಿಯ ಸಿಮೆಂಟ್ ರೆಸಿಸ್ಟರ್. ರೆಸಿಸ್ಟರಿನ ಕೆಳಗೆ ಬೋರ್ಡು ಹೋಳಿಗೆ ಸೀದ ಹಾಗೆ ಕಪ್ಪಾಗಿತ್ತು. 2.2 ಓಮಿನದು, ಟ್ವೀಟರಿಗೆ ಹೋಗುವ ದಾರಿಯಲ್ಲಿ ಕೂತದ್ದು, ಒಳಗೆ ತಂತಿ ಹರಿದಿತ್ತು.

"ಈಚೆಗೆ ಜೋರಾಗಿ ಹಚ್ಚಿದ್ದಿರೇನು?" ಎಂದು ಕೇಳಿದೆ. ಮಾಸ್ತರರು ಮೊಮ್ಮಗನ ಕಡೆ ನೋಡಿದರು. ಅವನು ಗೋಡೆಯ ಕಡೆ ನೋಡಿದ. ಗಣಪತಿ ಹಬ್ಬದಲ್ಲಿ ಗೆಳೆಯರು ಕುಣಿಯಲೆಂದು ಬಿರಡೆಯನ್ನು ಪೂರ್ತಿ ತಿರುಗಿಸಿದ್ದನಂತೆ. ಸಣ್ಣ ಆಂಪ್ಲಿಫೈಯರ್ ಏನು ಮಾಡೀತು ಎಂದು ಎಲ್ಲರೂ ತಿಳಿಯುತ್ತಾರೆ. ಶಕ್ತಿ ಮೀರಿ ಕೂಗಿಸಿದಾಗ ಅದು ಅಲೆಯ ತಲೆಯನ್ನೇ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೇಲಿನ ಕಂಪನಗಳು ಹೇರಳವಾಗಿ ಹುಟ್ಟಿ ನೇರ ಟ್ವೀಟರಿನ ದಾರಿ ಹಿಡಿಯುತ್ತವೆ. ಇಲ್ಲಿ ರೆಸಿಸ್ಟರ್ ಮೊದಲು ಸತ್ತು ಟ್ವೀಟರನ್ನು ಉಳಿಸಿತ್ತು.

ರೆಸಿಸ್ಟರ್ ಒಂದನ್ನೇ ಬದಲಿಸಿ ಬರಬಹುದಿತ್ತು. ಆದರೆ ನಲವತ್ತು ವರ್ಷದ ಎಲೆಕ್ಟ್ರೋಲೈಟಿಕ್ ಕೆಪಾಸಿಟರನ್ನು ನೋಡದೆ ಡಬ್ಬಿ ಮುಚ್ಚಲು ನನಗೆ ಮನಸ್ಸಾಗುವುದಿಲ್ಲ. ಬೋರ್ಡನ್ನು ಬಿಚ್ಚಿ ಅಂಗಡಿಗೆ ತಂದೆ. ಕೆಪಾಸಿಟರಿನ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಪಕ್ಕದ ಕಾಯಿಲ್ ಸೇರಿಕೊಂಡು ಮೀಟರ್ ಸುಳ್ಳು ಹೇಳುತ್ತದೆ. ಎರಡರ ಮೈಮೇಲೂ 4.7 ಮೈಕ್ರೋಫ್ಯಾರಡ್ ಎಂದಿತ್ತು. ವೂಫರಿನ ಕಡೆಯದು 5.1 ತೋರಿಸಿತು, ಪರವಾಗಿಲ್ಲ. ಟ್ವೀಟರಿನ ಕಡೆಯದು 6.2 ತೋರಿಸಿತು. ಒಳರೋಧವೂ ಮೂರು ಓಮ್ ದಾಟಿತ್ತು, ಹೊಸದರಲ್ಲಿ ಅದು ಒಂದು ಓಮಿಗಿಂತ ಕಡಿಮೆ ಇರಬೇಕು. ಕೆಪಾಸಿಟರ್ ಹಳತಾದರೆ ಅಳತೆ ಇಳಿಯಬೇಕಲ್ಲವೇ, ಏರಿತು ಹೇಗೆ ಎಂದು ಕೇಳುವವರಿದ್ದಾರೆ. ಸೋರುವ ಕೆಪಾಸಿಟರ್ ಮೀಟರಿಗೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ 6.2 ನಿಜವೇ ಎಂದುಕೊಂಡರೂ, 0.6 ಮಿಲಿಹೆನ್ರಿ ಕಾಯಿಲ್ ಜೊತೆ ಸೇರಿ 3,000 ಹರ್ಟ್ಸ್‌ನಲ್ಲಿ ಆಗಬೇಕಿದ್ದ ಪಾಲು 2,600ರ ಸುಮಾರಿಗೆ ಇಳಿದಿರುತ್ತದೆ. ವೂಫರ್ ಮಾಡಬೇಕಾದ ದುಡಿಮೆಯನ್ನೂ ಟ್ವೀಟರ್ ಹೊರಬೇಕು.

ಧ್ರುವವಿಲ್ಲದ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಂದು ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಅಂಗಡಿಯ ಹುಡುಗ ಪ್ಲಸ್ ಮೈನಸ್ ಇರುವ ಮಾಮೂಲಿನದನ್ನು ಕೊಟ್ಟು ಇದೂ ನಡೆಯುತ್ತದೆ ಎಂದ. ನಡೆಯುವುದಿಲ್ಲ. ಸ್ಪೀಕರಿನಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿಯುತ್ತದೆ. ಅಂಥವೆರಡನ್ನು ಮೈನಸ್ಸಿಗೆ ಮೈನಸ್ ಕೂಡಿಸಿ ಜೋಡಿಸಿದರೆ ಒಪ್ಪಬಹುದು, 10 ಮೈಕ್ರೋಫ್ಯಾರಡಿನ ಎರಡು ಸೇರಿ 5 ಆಗುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಫ್ಯಾನಿನ ಕೆಪಾಸಿಟರ್. ಮನೆಯ ಸೀಲಿಂಗ್ ಫ್ಯಾನಿಗೆ ಹಾಕುವ 440 ವೋಲ್ಟಿನ ಡಬ್ಬಿ ಇದೆಯಲ್ಲ, ಅದರೊಳಗಿರುವುದು ಪಾಲಿಪ್ರೊಪಿಲೀನ್ ಹಾಳೆ. ಆಡಿಯೋ ಹುಚ್ಚಿನವರು ಅದೇ ಜಾತಿಯ ಕೆಪಾಸಿಟರನ್ನು ಹೊರದೇಶದಿಂದ ಹತ್ತು ಪಟ್ಟು ಬೆಲೆ ತೆತ್ತು ತರಿಸುತ್ತಾರೆ. 2.5 ಒಂದು, 2.25 ಒಂದು, ಪಕ್ಕಪಕ್ಕ ಜೋಡಿಸಿದರೆ 4.75. ಕೊಪ್ಪೀಕರ ರಸ್ತೆಯ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಎರಡು ಸ್ಪೀಕರುಗಳಿಗೂ ಸೇರಿಸಿ ನಾಲ್ಕು, ಮೇಲೊಂದು 2.5 ಹೆಚ್ಚಿಗೆ ತಂದೆ. "ಎಷ್ಟು ಫ್ಯಾನ್ ಅಣ್ಣಾ?" ಎಂದು ಅಂಗಡಿಯವನು ಕೇಳಿದ. ಒಂದೂ ಇಲ್ಲ ಎಂದರೆ ವಿವರಿಸಬೇಕಾಗುತ್ತದೆ ಎಂದು ಐದು ಎಂದೆ.

ಹೊಸ ರೆಸಿಸ್ಟರ್ ಹತ್ತು ವಾಟಿನದು. ಕೆಳಗೆ ಗಾಳಿಯಾಡಲೆಂದು ಕಾಲು ಉದ್ದ ಬಿಟ್ಟು ಎತ್ತರಿಸಿ ಕೂರಿಸಿದೆ. ಒಂದು ಕಾಯಿಲ್ ಅಂಟು ಒಣಗಿ ಅಲುಗಾಡುತ್ತಿತ್ತು. ಕಬ್ಬಿಣದ ಬೋಲ್ಟ್ ತೂರಿಸುವ ಮನಸ್ಸಾಗಿತ್ತು, ಗಾಳಿಯ ಕಾಯಿಲ್ ನಡುವೆ ಕಬ್ಬಿಣ ಹೊಕ್ಕರೆ ಅದರ ಮಿಲಿಹೆನ್ರಿ ಅಳತೆಯೇ ಏರುತ್ತದೆ ಎಂಬುದು ನೆನಪಾಗಿ ನೈಲಾನ್ ಪಟ್ಟಿಯಿಂದ ಬಿಗಿದೆ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದವನು ಮಾಳಮಡ್ಡಿಗೆ ಮರಳಿ ಬೋರ್ಡು ಕೂರಿಸುವಾಗ ಎಡವಿದೆ. ಟ್ವೀಟರಿನ ಕೆಂಪು ತಂತಿ ಮೈನಸ್ ಕೊಂಡಿಯಲ್ಲಿ ಇದ್ದದ್ದನ್ನು ಬಿಚ್ಚುವಾಗಲೇ ಕಾಗದದ ಮೇಲೆ ಬರೆದುಕೊಂಡಿದ್ದೆ. ಕಾರ್ಖಾನೆಯವನು ತೂಕಡಿಸಿರಬೇಕು ಎಂದುಕೊಂಡು ನಾನು ಅದನ್ನು ತಿದ್ದಿದೆ, ಕೆಂಪು ಪ್ಲಸ್ಸಿಗೆ ಬಂತು. ಜವಾರಿ ಮರಳಿತು. ಮಾಸ್ತರರು ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಣ ಹಚ್ಚಿ ಕಣ್ಣು ಮುಚ್ಚಿದರು. ಬಹಳ ಹೊತ್ತು ಮಾತಾಡಲಿಲ್ಲ.

"ತಂಬೂರಿ ಬಂತು ತಮ್ಮಾ. ಆದರೆ ಹಾಡುವವರು ಎದ್ದು ಒಳಮನೆಗೆ ಹೋದರು."

ನನಗೆ ಹಾಗೆ ಕೇಳಿಸಿರಲಿಲ್ಲ. ಎರಡೂ ಡಬ್ಬಿಗಳನ್ನು ಒತ್ತಾಗಿ ಇಟ್ಟು ಮೋನೋದಲ್ಲಿ ಒಂದಾದ ಮೇಲೊಂದು ಹಚ್ಚಿದಾಗ ಗೊತ್ತಾಯಿತು. ಎಡಗಡೆಯದರಲ್ಲಿ ಆ ಗಂಭೀರ ಕಂಠ ಎದುರಿಗೇ ಕೂತಿತ್ತು. ಬಲಗಡೆಯದರಲ್ಲಿ ಅಕ್ಷರಗಳ ಅಂಚು ಸವೆದಿತ್ತು. ಹೇಗೂ ಅದರ ಕೆಪಾಸಿಟರನ್ನೂ ಬದಲಿಸಬೇಕಿತ್ತಲ್ಲ, ಎಡಗಡೆಯದನ್ನು ಬಿಚ್ಚಿದೆ. ಅಲ್ಲಿಯೂ ಕೆಂಪು ತಂತಿ ಮೈನಸ್ಸಿನಲ್ಲಿಯೇ ಇತ್ತು. ಎರಡು ಡಬ್ಬಿಗಳಲ್ಲಿ ಒಂದೇ ತೂಕಡಿಕೆ ಇರಲಾರದು.

ಚಿತ್ರ ಬರೆದು ನೋಡಿದಾಗ ನಾಚಿಕೆಯಾಯಿತು. ಪ್ರತಿ ಕಡೆಗೂ ಒಂದು ಕಾಯಿಲ್, ಒಂದು ಕೆಪಾಸಿಟರ್ ಇರುವ ಇಂಥ ಕ್ರಾಸ್‌ಓವರಿನಲ್ಲಿ ಪಾಲಾಗುವ ಜಾಗದಲ್ಲಿ ವೂಫರ್, ಟ್ವೀಟರುಗಳಿಗೆ ಹೋಗುವ ಅಲೆಗಳು ಪರಸ್ಪರ 180 ಡಿಗ್ರಿ ವಿರುದ್ಧ ಇರುತ್ತವೆ. ಎರಡನ್ನೂ ನೇರ ಜೋಡಿಸಿದರೆ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದು, 3,000 ಹರ್ಟ್ಸ್ ಸುತ್ತ ಹಳ್ಳ ಬೀಳುತ್ತದೆ. ಅದಕ್ಕೇ ಟ್ವೀಟರನ್ನು ಬೇಕೆಂದೇ ತಿರುವಿ ಹಾಕಿದ್ದರು. ಹಾಡಿನ ಮೂಲ ಸ್ವರವೆಲ್ಲ ವೂಫರಿನಲ್ಲಿಯೇ ಇದ್ದರೂ ಮಾತಿನ ಸ್ಪಷ್ಟತೆ ಇರುವುದು ಈ ಹಳ್ಳ ಬಿದ್ದ ಕಡೆಯೇ. ಮೊಬೈಲಿನಿಂದ 3,000 ಹರ್ಟ್ಸ್‌ನ ಒಂದೇ ಸ್ವರ ಹಚ್ಚಿ ತಂತಿ ಅದಲುಬದಲು ಮಾಡಿದೆ. ನಾನು ತಿದ್ದಿದ ಜೋಡಣೆಯಲ್ಲಿ ಸ್ವರ ಕುಗ್ಗುತ್ತಿತ್ತು, ಕಾರ್ಖಾನೆಯವನು ತೂಕಡಿಸಿ ಮಾಡಿದ್ದರಲ್ಲಿ ಮೇಲೇಳುತ್ತಿತ್ತು.

ಎಡಗಡೆಯದಕ್ಕೂ ಫ್ಯಾನ್ ಕೆಪಾಸಿಟರ್ ಹಾಕಿ, ಎರಡರಲ್ಲೂ ಕೆಂಪು ತಂತಿಯನ್ನು ಮೈನಸ್ಸಿಗೇ ಕೊಟ್ಟು ಮುಚ್ಚಿದೆ. ಮಾಸ್ತರರು ಮತ್ತೆ ಅದೇ ಧ್ವನಿಮುದ್ರಣ ಹಚ್ಚಿದರು. ಮೊದಲ ಆಲಾಪ ಮುಗಿಯುವ ತನಕ ಕೇಳಿ, ಒಳಗೆ ತಿರುಗಿ ಚಹಾ ತರಲು ಹೇಳಿದರು. ಸೆಕೆ ಇತ್ತು. ತಲೆಯ ಮೇಲಿನ ಫ್ಯಾನು ಒಲ್ಲದ ಮನಸ್ಸಿನಿಂದ ತಿರುಗುತ್ತಿತ್ತು.

"ಇದೂ ಒಂದು ವರ್ಷದಿಂದ ಹೀಗೇ ವಿಲಂಬಿತದಲ್ಲಿದೆ" ಎಂದರು.

ಚೀಲದಲ್ಲಿ ಒಂದು 2.5 ಉಳಿದಿತ್ತು. ಮೇನ್ ಸ್ವಿಚ್ ಆರಿಸಿ ಸ್ಟೂಲ್ ಹತ್ತಿದೆ.