ಎನ್‌ಐಸಿಯು ಹೊರಗೆ ಕಾಯುವವರ ಜೊತೆ ಕೂರುವುದು ಹೇಗೆ?

ಹೆರಿಗೆ ಆಗಿದೆ, ಆದರೆ ಮಗು ಮಡಿಲಲ್ಲಿ ಇಲ್ಲ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇದೆ. ಬಾಣಂತಿ ವಾರ್ಡಿನಲ್ಲಿ ಪಕ್ಕದ ಮಂಚದ ಮಗು ಅತ್ತಾಗಲೆಲ್ಲ ಈಕೆಯ ಎದೆಯಲ್ಲಿ ಹಾಲು ಕಟ್ಟುತ್ತದೆ. ಗಂಡ ಔಷಧದ ಚೀಟಿ ಹಿಡಿದು ಮಹಡಿಯಿಂದ ಮಹಡಿಗೆ ಓಡುತ್ತಿದ್ದಾನೆ. ಊರಿಂದ ಬಂದ ಅತ್ತೆಗೆ ‘ಮಗೂನ ಪೆಟ್ಟಿಗೇಲಿ ಇಟ್ಟಿದಾರೆ’ ಎನ್ನುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ‘ಇನ್ನೂ ಏನೂ ಹೇಳಕ್ಕಾಗಲ್ಲ, ನೋಡೋಣ’ ಎಂದು ಡಾಕ್ಟರ್ ಹೇಳಿ ಹೋಗಿದ್ದಾರೆ.

ಈ ಹೊತ್ತಿನಲ್ಲಿ ಅವರ ಪಕ್ಕ ಕೂರಲು ತಕ್ಕವರು ಯಾರು ಎಂದರೆ, ಒಂದು ಕಾಲದಲ್ಲಿ ಅದೇ ಬೆಂಚಿನ ಮೇಲೆ ಕಾದವರು. ಕೆಲವು ದೇಶಗಳಲ್ಲಿ ಹಿಂದೆ ಎನ್‌ಐಸಿಯು ಕಂಡ ಅಪ್ಪ ಅಮ್ಮಂದಿರು ಹೊಸಬರಿಗೆ ಜೊತೆಯಾಗುವುದನ್ನು ಆಸ್ಪತ್ರೆಗಳೇ ನಡೆಸುತ್ತವೆ. ನಮ್ಮಲ್ಲೂ ನೆಲ ಹದವಾಗಿದೆ. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಕಾಯಿಲೆ ಬಿದ್ದ ನವಜಾತ ಶಿಶುವಿನ ಆರೈಕೆಯಲ್ಲಿ ಮನೆಯವರನ್ನೂ ಸೇರಿಸಿಕೊಳ್ಳಿ ಎಂದೇ ಹೇಳುತ್ತದೆ. ಬಾಗಿಲು ತೆರೆದಿರುವುದು ಎಲ್ಲ ಕಡೆ ಒಂದೇ ಥರ ಅಲ್ಲ, ಅದು ಬೇರೆ ಮಾತು.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ನೀವೂ ಹಾಗೆ ಕಾದವರಾಗಿ, ಈಗ ಹೊಸಬರ ಜೊತೆ ಕೂರಬೇಕು ಎಂದಿದ್ದರೆ, ನಿಮ್ಮ ಮಗು ಮನೆಗೆ ಬಂದು ಕನಿಷ್ಠ ಒಂದು ವರ್ಷ ಆಗಲಿ. ಇದು ಕಾನೂನೇನಲ್ಲ, ನನ್ನ ಅಭಿಪ್ರಾಯ. ಮಾನಿಟರಿನ ಬೀಪ್ ಕೇಳಿದರೆ ಈಗಲೂ ಕೈ ನಡುಗುತ್ತದೆಯೇ? ಹಾಗಿದ್ದರೆ ಇನ್ನಷ್ಟು ದಿನ ತಡೆಯಿರಿ. ಆ ಆಸ್ಪತ್ರೆಯ ಮೇಲೆ ಸಿಟ್ಟಿದ್ದರೂ ಅಷ್ಟೇ. ಸಿಟ್ಟಿಗೆ ಕಾರಣ ಇರಬಹುದು, ಆದರೆ ಅದನ್ನು ಹೊಸ ತಾಯಿಯ ತಲೆಗೆ ತುಂಬಬಾರದು ಅಲ್ವಾ?

ಅಮ್ಮಂದಿರು ಮಾತ್ರ ಬರಬೇಕು ಅಂತಿಲ್ಲ. ಅಪ್ಪಂದಿರ ಅಗತ್ಯ ಇನ್ನೂ ಜಾಸ್ತಿ. ಹೊರಗೆ ನಿಂತ ಗಂಡಸಿಗೆ ‘ನಿಮಗೆ ಹೇಗಿದೆ?’ ಎಂದು ಕೇಳುವವರೇ ಇರುವುದಿಲ್ಲ. ಇನ್ನೊಬ್ಬ ಅಪ್ಪ ಚಹಾ ಕುಡಿಸಿ ಮಾತಾಡಿಸಿದರೆ ಎಷ್ಟೋ ಹಗುರಾಗುತ್ತದೆ.

ಆಸ್ಪತ್ರೆಯ ಒಪ್ಪಿಗೆ

ಸುಮ್ನೆ ಹೋಗಿ ವಾರ್ಡಿನ ಮುಂದೆ ನಿಲ್ಲಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಘಟಕವನ್ನು ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಎನ್ನುತ್ತಾರೆ. ಅಲ್ಲಾದರೆ ಜಿಲ್ಲಾ ಸರ್ಜನ್ ಮತ್ತು ಮಕ್ಕಳ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಿರಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ದರೆ ಅವರ ಮೂಲಕ ಹೋಗುವುದು ಸುಲಭ. ಪತ್ರ ಒಂದು ಪುಟ ಮೀರುವುದು ಬೇಡ. ನಾವು ಎಷ್ಟು ಜನ, ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು, ಎಲ್ಲಿ ಕೂರುತ್ತೇವೆ. ಮಗುವನ್ನು ಮುಟ್ಟುವುದಿಲ್ಲ, ಕೇಸ್ ಶೀಟ್ ನೋಡುವುದಿಲ್ಲ, ಚಿಕಿತ್ಸೆಯ ಬಗ್ಗೆ ಮಾತಾಡುವುದಿಲ್ಲ. ಈ ಕೊನೆಯ ಸಾಲನ್ನು ಓದಿದ ಮೇಲೇ ಡಾಕ್ಟರ್ ಮುಖ ಸಡಿಲವಾಗುವುದು.

ಪತ್ರಕ್ಕಿಂತ ದೊಡ್ಡ ಒಪ್ಪಿಗೆ ಇನ್ನೊಂದಿದೆ, ಇನ್‌ಚಾರ್ಜ್ ಸಿಸ್ಟರ್ ಅವರದು. ಯಾವ ತಾಯಿ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ, ಯಾರ ಮನೆಯವರು ಬಂದೇ ಇಲ್ಲ ಎನ್ನುವುದು ಅವರಿಗೆ ಗೊತ್ತು. ಮೊದಲ ವಾರ ಅವರ ಹತ್ತಿರವೇ ಕಲಿಯಿರಿ. ಬಳೆ, ಉಂಗುರ, ವಾಚು ತೆಗೆದು ಮೊಣಕೈವರೆಗೆ ಕೈ ತೊಳೆಯುವುದು, ಗೌನ್ ಹಾಕುವುದು, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದು. ನಿಮಗೇ ನೆಗಡಿ, ಕೆಮ್ಮು, ಜ್ವರ, ಭೇದಿ ಇದ್ದ ದಿನ ಆಸ್ಪತ್ರೆ ಕಡೆ ಹೋಗಲೇಬೇಡಿ.

ಒಂದಿಷ್ಟು ಶಬ್ದ ಗೊತ್ತಿರಲಿ

37 ವಾರ ತುಂಬುವ ಮೊದಲು ಹುಟ್ಟಿದರೆ ಅದು ದಿನ ತುಂಬದ ಮಗು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. ವಾರ್ಮರ್ ಮಗುವನ್ನು ಬೆಚ್ಚಗಿಡುತ್ತದೆ, ನೀಲಿ ಬೆಳಕು ಕಾಮಾಲೆಗೆ, ಸಿ-ಪ್ಯಾಪ್ ಉಸಿರಾಟಕ್ಕೆ ಆಸರೆ. ಇಷ್ಟು ಸಾಕು. ತಾಯಿ ಕೇಳಿದಾಗ ‘ಅದು ಬೆಚ್ಚಗಿಡುವ ಮೆಷಿನ್’ ಎನ್ನಬಹುದು. ‘ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಯಾಕೆ ಇಳಿಯಿತು’ ಎಂದರೆ ಮಾತ್ರ ‘ಇದನ್ನ ಡಾಕ್ಟರ್‌ಗೇ ಕೇಳೋಣ, ಮರೆಯದ ಹಾಗೆ ಬರ್ಕೊಳ್ಳಿ’ ಎನ್ನಿ. ರೌಂಡ್ಸ್‌ಗೆ ಮುಂಚೆ ಅವರ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆಸುವುದು ಬಹಳ ಉಪಯೋಗಕ್ಕೆ ಬರುತ್ತದೆ. ಡಾಕ್ಟರ್ ಮುಂದೆ ನಿಂತಾಗ ಬಾಯಿ ಕಟ್ಟುವುದು ಓದಿದವರಿಗೂ ತಪ್ಪಿದ್ದಲ್ಲ.

ಮೊದಲ ಮಾತು

ಇಲ್ಲೇ ಹೆಚ್ಚು ಜನ ಎಡವುತ್ತಾರೆ. ಬಂದವರೇ ಮೊಬೈಲ್ ತೆಗೆದು ‘ನೋಡಿ, ನನ್ನ ಮಗ ಒಂದು ಕಿಲೋ ಇದ್ದ, ಈಗ ಶಾಲೆಗೆ ಹೋಗ್ತಾನೆ’ ಎಂದು ಫೋಟೊ ತೋರಿಸುತ್ತಾರೆ. ಆಸೆ ಹುಟ್ಟಿಸಲು ಅದು ಒಳ್ಳೆಯದೇ, ಆದರೆ ಕೇಳಿದ ಮೇಲೆ ತೋರಿಸಿ. ಒಳಗಿರುವ ಮಗುವಿನ ಗತಿ ಏನಾಗುತ್ತದೋ ನಿಮಗೆ ಗೊತ್ತಿಲ್ಲ. ನಿಮ್ಮ ಮಗು ಉಳಿದಿದ್ದು ಅವರ ಮಗುವಿಗೆ ಗ್ಯಾರಂಟಿ ಕೊಡುವುದಿಲ್ಲ.

‘ಊಟ ಆಯ್ತೇನಮ್ಮಾ?’ ಎಂದು ಶುರು ಮಾಡಿ. ಕಲಬುರಗಿ, ಕೊಪ್ಪಳದ ಕಡೆಯಾದರೆ ‘ಊಟ ಆತೇನವ್ವಾ?’ ಆಮೇಲೆ ‘ನಾನೂ ಇಲ್ಲೇ ಕೂತಿದ್ದೆ’ ಎಂದಿಷ್ಟೇ ಹೇಳಿ. ಮಗುವಿಗೆ ಹೆಸರಿಟ್ಟಿದ್ದರೆ ಕೇಳಿ ಆ ಹೆಸರಿನಿಂದಲೇ ಕರೆಯಿರಿ. ಇಟ್ಟಿಲ್ಲದಿದ್ದರೆ ಯಾಕೆ ಎನ್ನಬೇಡಿ, ಅನೇಕ ಮನೆಗಳಲ್ಲಿ ನಾಮಕರಣದ ತನಕ ಹೆಸರು ಹೇಳುವುದಿಲ್ಲ. ಅಳುತ್ತಿದ್ದರೆ ಅಳಲಿ. ‘ಬಾಣಂತಿ ಅಳಬಾರದು’ ಎನ್ನಲು ನೆಂಟರು ಇದ್ದೇ ಇದ್ದಾರೆ.

‘ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ’, ‘ಗಾಡಿ ಮೇಲೆ ಓಡಾಡಿದ್ದೇ ತಪ್ಪು’ ಎಂದು ದೂರುವ ಬಾಯಿಗಳೂ ಇರುತ್ತವೆ. ‘ಏಳು ತಿಂಗಳಿನದು ಉಳಿಯುತ್ತೆ, ಎಂಟು ತಿಂಗಳಿನದು ಉಳಿಯಲ್ಲ’ ಎನ್ನುವುದು ಇನ್ನೊಂದು. ಇದು ನಿಜವಲ್ಲ. ಹೊಟ್ಟೆಯಲ್ಲಿ ಹೆಚ್ಚು ದಿನ ಇದ್ದಷ್ಟೂ ಮಗುವಿನ ಶ್ವಾಸಕೋಶ ಬಲಿಯುತ್ತದೆ. ಇದನ್ನು ಅಜ್ಜಿಗೆ ನೀವು ಹೇಳುವುದಕ್ಕಿಂತ ಸಿಸ್ಟರ್ ಬಾಯಿಂದ ಹೇಳಿಸಿ, ಬೇಗ ಒಪ್ಪುತ್ತಾರೆ. ಅಜ್ಜಿಯನ್ನು ದೂರ ಇಡಬೇಡಿ. ಮನೆಗೆ ಹೋದ ಮೇಲೆ ಮಗುವಿನ ಸ್ನಾನ, ಬಟ್ಟೆ, ಹೊಗೆ ಎಲ್ಲ ಅವರದೇ ಕಾರುಬಾರು.

ಕೈಗೆ ಕೆಲಸ ಕೊಡಿ

ಏನೂ ಮಾಡಲಾಗದೆ ಕಾಯುವುದು ಎಂಥವರನ್ನೂ ಕುಗ್ಗಿಸುತ್ತದೆ. ತಾಯಿಗೆ ಎರಡು ಕೆಲಸ ಇವೆ, ಅವು ಬೇರೆ ಯಾರಿಂದಲೂ ಆಗುವಂಥವಲ್ಲ ಎಂದು ನೆನಪಿಸಿ.

ಒಂದು, ಹಾಲು ಹಿಂಡುವುದು. ಮೊದಲು ಬರುವ ಹಳದಿ ಗಿಣ್ಣು ಹಾಲು ಒಂದೆರಡು ಹನಿಯಾದರೂ ಬೆಲೆ ಇದೆ. ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು, ರಾತ್ರಿಯೂ ಸೇರಿ. ಶುರುವಿನಲ್ಲಿ ಬಟ್ಟಲ ತಳ ಕೂಡ ಮುಚ್ಚುವುದಿಲ್ಲ. ಆಗಲೇ ‘ನಂಗೆ ಹಾಲೇ ಇಲ್ಲ’ ಎಂದು ಕೈಚೆಲ್ಲುವುದು. ನಿಮ್ಮ ಅನುಭವದ ಮಾತು ಬೇಕಾದದ್ದು ಆ ಘಳಿಗೆಗೆ. ಹೀರುವ ಶಕ್ತಿ ಇಲ್ಲದ ಮಗುವಿಗೆ ಅದೇ ಹಾಲನ್ನು ನಳಿಕೆಯಲ್ಲೋ ಒಳಲೆಯಲ್ಲೋ ಕೊಡುತ್ತಾರೆ ಎಂದು ತಿಳಿಸಿ. ಹಾಲು ಬರದಿದ್ದಾಗ ದಾನಿಗಳ ಹಾಲು ಸಿಗುವ ವ್ಯವಸ್ಥೆಯೂ ಕೆಲವು ಕಡೆ ಇದೆ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ.

ಎರಡು, ಕಾಂಗರೂ ಆರೈಕೆ. ಬರೀ ಡೈಪರ್, ಟೋಪಿ ಹಾಕಿದ ಮಗುವನ್ನು ಎದೆಯ ಚರ್ಮಕ್ಕೆ ಚರ್ಮ ತಾಗುವ ಹಾಗೆ ಕಟ್ಟಿಕೊಳ್ಳುವುದು. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗಳು ಸಾಲದೆ ಹೋದಾಗ ಶುರುವಾದದ್ದು ಇದು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸು. ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸೇರಿ ಇದನ್ನು ಜಿಲ್ಲೆಯ ಆಸ್ಪತ್ರೆಗಳಿಗೂ ಮನೆಗಳಿಗೂ ತಲುಪಿಸುವ ಕೆಲಸ ಮಾಡಿವೆ.

ಶುರು ಯಾವಾಗ ಎನ್ನುವುದನ್ನು ಡಾಕ್ಟರ್ ಹೇಳಲಿ. ನಿಮ್ಮ ಪಾಲಿನ ಕೆಲಸ ಬೇರೆ: ಮುಂದೆ ಗುಂಡಿ ಇರುವ ನೈಟಿಯೋ ಸಡಿಲ ರವಿಕೆಯೋ ತರಿಸುವುದು, ಮೊದಲ ಸಲದ ಹೆದರಿಕೆಗೆ ಪಕ್ಕದಲ್ಲಿರುವುದು, ಅಪ್ಪನೂ ಶರ್ಟು ಬಿಚ್ಚಿ ಕೂರಬಹುದು ಎಂದು ಒಪ್ಪಿಸುವುದು. ನಾಚಿಕೆ ಇರುತ್ತದೆ. ಇನ್ನೊಬ್ಬ ಗಂಡಸು ‘ನಾನೂ ಕೂತಿದ್ದೆ ಗುರೂ’ ಎಂದರೆ ಅರ್ಧ ನಾಚಿಕೆ ಹೋಗುತ್ತದೆ.

ಉಳಿದದ್ದು ಓಡಾಟ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧ, ಪರೀಕ್ಷೆ, ವಾಹನ ಉಚಿತ. ತಾಯಿ ಕಾರ್ಡ್, ರೇಷನ್ ಕಾರ್ಡ್ ಜೆರಾಕ್ಸ್ ಎಲ್ಲಿ ಮಾಡಿಸಬೇಕು, ಶೌಚಾಲಯ ಯಾವುದು ಚೊಕ್ಕಟ, ರಾತ್ರಿ ಎಲ್ಲಿ ಮಲಗಬಹುದು ಎಂಬುದನ್ನು ಬಲ್ಲವರು ಆ ಕಾರಿಡಾರಿನಲ್ಲಿ ದೇವರೇ ಸರಿ.

ಕಟ್ಟುನಿಟ್ಟಾಗಿ ಬೇಡ

ಮಗುವಿನ ಫೋಟೊ ಬೇಡ. ವಾಟ್ಸ್ಆ್ಯಪ್ ಸ್ಟೇಟಸ್ ಅಂತೂ ಬೇಡವೇ ಬೇಡ. ಮದ್ದು, ನಾಟಿ ಔಷಧ, ಬೇರೆ ಡಾಕ್ಟರ ನಂಬರ್ ಕೊಡಬೇಡಿ. ಸಾಲ ಕೊಡಬೇಡಿ, ಕೇಳಿದರೆ ಸಮಾಜ ಕಾರ್ಯಕರ್ತರ ಹತ್ತಿರ ಕಳಿಸಿ. ಹಾಲಿನ ಪುಡಿ ಕಂಪನಿಯ ಪ್ರಾಯೋಜಕತ್ವ ಬಂದರೆ ಹತ್ತಿರ ಸೇರಿಸಬೇಡಿ, ಇಂಥ ಪ್ರಚಾರವನ್ನು ಶಿಶು ಆಹಾರದ ಕುರಿತ 1992ರ ಕಾಯ್ದೆಯೇ ತಡೆಯುತ್ತದೆ. ಪಕ್ಕದ ಮಗುವಿನ ತೂಕ ಹೇಳಿ ಹೋಲಿಸಬೇಡಿ. ಹೆಣ್ಣು ಮಗು ಎಂದು ಮನೆಯವರು ಕೈಬಿಡುತ್ತಿರುವ ಹಾಗೆ ಕಂಡರೆ ನೀವೇ ಜಗಳಕ್ಕೆ ನಿಲ್ಲಬೇಡಿ, ಅದೇ ದಿನ ಸಿಸ್ಟರ್‌ಗೆ ತಿಳಿಸಿ.

ಮಗು ಉಳಿಯದಿದ್ದರೆ

ಆ ದಿನವೂ ಬರುತ್ತದೆ. ‘ಇನ್ನೂ ಚಿಕ್ಕ ವಯಸ್ಸು, ಮತ್ತೊಂದು ಆಗುತ್ತೆ’, ‘ದೇವರಿಗೆ ಬೇಕಾಗಿತ್ತು’ ಎನ್ನಬೇಡಿ. ಅಪ್ಪ ಅಮ್ಮ ಮಗುವನ್ನು ಎತ್ತಿಕೊಳ್ಳಬೇಕು, ನೋಡಬೇಕು ಎಂದರೆ ಅದಕ್ಕೆ ಸಿಸ್ಟರ್ ಹತ್ತಿರ ಕೇಳಿ. ವಾಹನ, ಕಾಗದಪತ್ರ ನೋಡಿಕೊಳ್ಳಿ. ಮಗು ಹೋದ ಮೇಲೂ ತಾಯಿಗೆ ಹಾಲು ಬರುತ್ತದೆ, ನೋವಾಗುತ್ತದೆ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ಏನು ಮಾಡಬೇಕೆಂದು ಸಿಸ್ಟರ್ ಹತ್ತಿರ ಹೇಳಿಸಿಯೇ ಮನೆಗೆ ಕಳಿಸಿ. ಕೆಲವು ವಾರ ಬಿಟ್ಟು, ಅವರಿಗೆ ಒಪ್ಪಿಗೆ ಇದ್ದರೆ ಒಂದು ಫೋನ್ ಮಾಡಿ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಇದು ನಿಮಗೂ ಅನ್ವಯಿಸುತ್ತದೆ.

ಡಿಸ್ಚಾರ್ಜ್ ಆದ ಮೇಲೆ

ಮಗುವನ್ನು ಕೊಟ್ಟು ಕಳಿಸಿದ ದಿನ ಖುಷಿಗಿಂತ ಭಯ ಜಾಸ್ತಿ. ಮಾನಿಟರ್ ಇಲ್ಲ, ಸಿಸ್ಟರ್ ಇಲ್ಲ. ಮೊದಲ ವಾರ ದಿನಕ್ಕೊಂದು ಫೋನ್ ಸಾಕು. ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಜ್ವರ ಬಂದರೆ, ಪಕ್ಕೆ ಒಳಕ್ಕೆ ಸೆಳೆದರೆ ಕಾಯದೆ ಆಸ್ಪತ್ರೆಗೆ, ಬೇಕಾದರೆ 108ಕ್ಕೆ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಆಗಾಗ ಮನೆಗೆ ಬಂದು ನೋಡಬೇಕು. ಬರುತ್ತಿದ್ದಾರೆಯೇ ಎಂದು ವಿಚಾರಿಸಿ.

ತಪ್ಪಿಹೋಗುವುದು ಕಣ್ಣಿನ ಪರೀಕ್ಷೆ. ಎರಡು ಕಿಲೋಗಿಂತ ಕಡಿಮೆ ತೂಕ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿನ ರೆಟಿನಾವನ್ನು (ಕಣ್ಣಿನ ಒಳಪದರ) 30 ದಿನದೊಳಗೆ ನೋಡಿಸಲೇಬೇಕು, ತೀರಾ ಸಣ್ಣ ಮಕ್ಕಳಿಗೆ ಇನ್ನೂ ಮುಂಚೆ. ಹೊತ್ತು ಮೀರಿದರೆ ಕಣ್ಣೇ ಹೋಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆಯವರು 2008ರಿಂದ ಜಿಲ್ಲೆಗಳಿಗೇ ಕ್ಯಾಮೆರಾ ಒಯ್ದು ಈ ಪರೀಕ್ಷೆ ಮಾಡುತ್ತಿದ್ದಾರೆ. ಆದರೂ ಮನೆಯಲ್ಲಿ ‘ಬಾಣಂತಿ ಹೊಸ್ತಿಲು ದಾಟಬಾರದು’ ಎನ್ನುತ್ತಾರೆ, ತಾರೀಖು ಜಾರಿಹೋಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿರುವ ಆ ತಾರೀಖನ್ನು ನಿಮ್ಮ ಡೈರಿಯಲ್ಲೂ ಬರೆದಿಟ್ಟುಕೊಳ್ಳಿ. ಹಿಂದಿನ ದಿನವೇ ಫೋನ್ ಮಾಡಿ. ಮಗುವನ್ನು ಯಾರು ಕರೆದೊಯ್ಯುತ್ತಾರೆ, ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಕೇಳಿ.