ಕೊನೆ ಎಲ್ಲರಿಗೂ ಗೊತ್ತು, ಆದರೂ ವಿಮರ್ಶೆ ಬರೆಯೋದು ಹೇಗೆ? ಕಾದಂಬರಿಯಿಂದ ಬಂದ ಕ್ರಿಸ್‌ಮಸ್ ಪ್ರೇಮಕಥೆಗಳಿಗೊಂದು ಕೈಪಿಡಿ

ಹಿಮ ಬೀಳುತ್ತದೆ, ಇಬ್ಬರು ಸಿಗುತ್ತಾರೆ, ಮುನಿಸಿಕೊಳ್ಳುತ್ತಾರೆ, ಡಿಸೆಂಬರ್ 24ರ ರಾತ್ರಿಯೊಳಗೆ ಒಂದಾಗುತ್ತಾರೆ. ಕ್ರಿಸ್‌ಮಸ್ ರೊಮ್ಯಾನ್ಸ್ ಅಂದರೆ ಇಷ್ಟೇ ಅಲ್ವಾ, ಇದರಲ್ಲಿ ವಿಮರ್ಶೆ ಮಾಡೋಕೆ ಏನಿದೆ ಅಂತ ಕೇಳುವವರೇ ಜಾಸ್ತಿ. ಇದೆ, ಬೇಕಾದಷ್ಟಿದೆ. ಸಿನಿಮಾ ಒಂದು ಕಾದಂಬರಿಯಿಂದ ಬಂದಿದ್ದರಂತೂ ಇನ್ನೂ ಜಾಸ್ತಿ ಇದೆ. ಆದರೆ ಬರೆಯಲು ಕೂತವರು ಒಂದೋ ‘ಊಹಿಸಬಹುದಾದ ಕಥೆ’ ಅಂತ ಮೂಗು ಮುರಿಯುತ್ತಾರೆ, ಇಲ್ಲವೇ ‘ಮನಸ್ಸಿಗೆ ಮುದ ನೀಡುವ ಸಿನಿಮಾ, ಮನೆಮಂದಿಯೆಲ್ಲ ಕೂತು ನೋಡಬಹುದು’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಓದಿದವರಿಗೆ ಎರಡರಿಂದಲೂ ಏನೂ ಸಿಗುವುದಿಲ್ಲ.

ಈ ಬಗೆಯ ಸಿನಿಮಾದಲ್ಲಿ ಕೊನೆ ಮೊದಲೇ ಗೊತ್ತಿರುವುದನ್ನು ದೋಷ ಅಂತ ಎಣಿಸಬೇಡಿ. ನೋಡುವವರು ಸುಖಾಂತ್ಯ ಬೇಕು ಅಂತಲೇ ಬಂದಿರುತ್ತಾರೆ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಸಿಕ್ಕಿಬಿದ್ದ ಅಂತ ಯಾರಾದರೂ ತಕರಾರು ತೆಗೆಯುತ್ತಾರಾ? ಇಬ್ಬರೂ ಒಂದಾಗುತ್ತಾರೆ, ಸರಿ. ಇಷ್ಟು ಹೊತ್ತು ಒಂದಾಗದೆ ಇರೋದಕ್ಕೆ ಅವರಿಗೆ ಸರಿಯಾದ ಕಾರಣ ಇತ್ತಾ? ನಿಮ್ಮ ವಿಮರ್ಶೆ ಉತ್ತರ ಕೊಡಬೇಕಾದ ಪ್ರಶ್ನೆ ಇದು.

ಹಾಗಾಗಿ ಆ ಕಾರಣವನ್ನೇ ಮೊದಲು ಹುಡುಕಿ. ಅವಳು ಊರು ಬಿಟ್ಟು ಹೋಗಿದ್ದು ಯಾಕೆ, ಹಬ್ಬ ಅಂದರೆ ಅವನು ಸಿಡಿಮಿಡಿ ಅನ್ನೋದು ಯಾಕೆ, ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬಚ್ಚಿಟ್ಟಿದ್ದೇನು. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ಜಗಳವನ್ನು ಅರ್ಧ ಗಂಟೆ ಎಳೆದಿದ್ದಾರೆ ಅನ್ನಿಸಿದರೆ ಅದು ನಿಜವಾದ ದೂರು, ಮುಲಾಜಿಲ್ಲದೆ ಬರೆಯಿರಿ. ಬಾಗಿಲ ಹೊರಗೆ ನಿಂತು ಅರ್ಧ ಮಾತು ಕೇಳಿಸಿಕೊಂಡು, ಕಣ್ಣೀರು ಹಾಕಿಕೊಂಡು ಓಡಿಹೋಗುವ ದೃಶ್ಯ ಈ ಸಿನಿಮಾಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕಾದಂಬರಿಯಲ್ಲಿ ಆ ಜಗಳಕ್ಕೆ ಬೇರೆಯೇ ಕಾರಣ ಇದ್ದರಂತೂ ನಿಮ್ಮ ವಿಮರ್ಶೆಗೆ ಅರ್ಧ ಸರಕು ಅಲ್ಲೇ ಸಿಕ್ಕಿತು.

ಪುಸ್ತಕ ಮೊದಲಾ, ಸಿನಿಮಾ ಮೊದಲಾ?

ನನ್ನನ್ನು ಕೇಳಿದರೆ ಸಿನಿಮಾ ಮೊದಲು. ಪುಸ್ತಕ ಓದಿ ಕೂತರೆ ತಲೆಯೊಳಗೆ ಒಬ್ಬ ಗುಮಾಸ್ತ ಬಂದು ಕೂರುತ್ತಾನೆ, ಅದು ಬರಲಿಲ್ಲ, ಇದನ್ನು ಬಿಟ್ಟರು ಅಂತ ಪಟ್ಟಿ ಮಾಡುತ್ತಲೇ ಇರುತ್ತಾನೆ, ಕಣ್ಣೆದುರಿನ ನಟಿಯ ಮುಖ ನೋಡೋದೇ ಮರೆತುಹೋಗುತ್ತದೆ. ನಿಮ್ಮ ವಿಮರ್ಶೆ ಓದುವವರಲ್ಲಿ ಪುಸ್ತಕ ಓದದವರೂ ಇರುತ್ತಾರಲ್ಲ, ಅವರ ಹಾಗೇ ಒಂದು ಸಲ ಸುಮ್ನೆ ನೋಡಿ. ಆಮೇಲೆ ಪುಸ್ತಕ ಓದಿ. ಅದು ಮುಗಿದ ಮೇಲೆ ಮುಖ್ಯ ಅನ್ನಿಸಿದ ನಾಲ್ಕೈದು ದೃಶ್ಯಗಳನ್ನು ಮತ್ತೆ ಹಾಕಿ ನೋಡಿ. ಪುಸ್ತಕ ಮೊದಲೇ ಓದಿದ್ದರೆ ಪರವಾಗಿಲ್ಲ, ಹಾಗಂತ ವಿಮರ್ಶೆಯಲ್ಲಿ ಒಂದು ಸಾಲು ಹೇಳಿಬಿಡಿ.

ಓದುವಾಗ ಮೂರು ವಿಷಯ ಗುರುತು ಹಾಕಿಕೊಳ್ಳಿ. ಕಥೆ ಹೇಳುತ್ತಿರುವುದು ಯಾರು? ಕಥೆ ನಡೆಯುವುದು ಎಷ್ಟು ದಿನ? ಯಾರ ಮನಸ್ಸಿನ ಮಾತು ಪುಟಗಟ್ಟಲೆ ಇದೆ? ಸಿನಿಮಾದಲ್ಲಿ ಮೊದಲು ಪೆಟ್ಟು ಬೀಳುವುದು ಈ ಮೂರಕ್ಕೇ.

ಇನ್ನೊಂದು ಸಣ್ಣ ಎಚ್ಚರಿಕೆ. ಇಂಥ ಕಥೆಗಳಲ್ಲಿ ಸಿನಿಮಾ ಮೊದಲು ಬಂದು, ಅದರಿಂದ ಆಮೇಲೆ ಕಾದಂಬರಿ ಬರೆಸಿರುವುದೂ ಉಂಟು. ಪುಸ್ತಕದ ಮೊದಲ ಮುದ್ರಣದ ವರ್ಷ ನೋಡದೆ ‘ಮೂಲ ಕಾದಂಬರಿ’ ಅಂತ ಬರೆಯಬೇಡಿ. ಪಾತ್ರಗಳ ಹೆಸರೂ ಅಷ್ಟೇ. ‘ದಿ ನೋಯೆಲ್ ಡೈರಿ’ ಕಾದಂಬರಿಯಲ್ಲಿ (2017) ನಾಯಕ ಜೇಕಬ್ ಚರ್ಚರ್, 2022ರ ಸಿನಿಮಾದಲ್ಲಿ ಅವನೇ ಜೇಕ್ ಟರ್ನರ್. ವಿಮರ್ಶೆ ಸಿನಿಮಾದ್ದಾದರೆ ಸಿನಿಮಾದ ಹೆಸರನ್ನೇ ಬಳಸಿ, ಎರಡನ್ನೂ ಬೆರೆಸಿದರೆ ಓದುವವರು ಕಂಗಾಲಾಗುತ್ತಾರೆ.

ಬದಲಾವಣೆ ಕಂಡರೆ ಏನು ಮಾಡಬೇಕು

‘ಪುಸ್ತಕದಲ್ಲಿ ಹೀಗಿರಲಿಲ್ಲ’ ಅನ್ನೋದು ವಿಮರ್ಶೆ ಆಗುವುದಿಲ್ಲ. ಅದು ಬರೀ ವರದಿ. ಬದಲಾವಣೆಯಿಂದ ಏನು ಸಿಕ್ಕಿತು, ಏನು ಹೋಯಿತು, ಆ ಎರಡನ್ನೂ ತೂಗಿ ಹೇಳಬೇಕು.

ಒಂದು ಉದಾಹರಣೆ ಹಿಡಿದು ನೋಡೋಣ. ‘ಲೆಟ್ ಇಟ್ ಸ್ನೋ’ 2008ರ ಪುಸ್ತಕ. ಮೂವರು ಲೇಖಕರು, ಮೂರು ನೀಳ್ಗತೆ, ಒಂದೇ ಊರು, ಒಂದೇ ಹಿಮಬಿರುಗಾಳಿ. 2019ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಸಿನಿಮಾ ಮಾಡಿದಾಗ ಮೂರನ್ನೂ ಜಡೆ ಹೆಣೆದ ಹಾಗೆ ಹೆಣೆದರು. ಪುಸ್ತಕದ ಮೊದಲ ಕಥೆಯ ಹುಡುಗಿ ಜುಬಿಲಿ. ಅವಳ ಅಪ್ಪ ಅಮ್ಮನಿಗೆ ಪಿಂಗಾಣಿಯ ಪುಟ್ಟ ಕ್ರಿಸ್‌ಮಸ್ ಮನೆಗಳನ್ನು ಕೂಡಿಡುವ ಹುಚ್ಚು, ಅದನ್ನು ಕೊಳ್ಳಲು ಹೋದಲ್ಲಿ ನೂಕುನುಗ್ಗಲು ಗಲಾಟೆಯಾಗಿ ಇಬ್ಬರೂ ಜೈಲು ಸೇರುತ್ತಾರೆ. ಮಗಳನ್ನು ಅಜ್ಜಿ ತಾತನ ಮನೆಗೆ ರೈಲು ಹತ್ತಿಸುತ್ತಾರೆ, ರೈಲು ಹಿಮದಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಸ್ಟುವರ್ಟ್ ಅನ್ನುವ ಆ ಊರಿನ ಸಾಮಾನ್ಯ ಹುಡುಗ ಸಿಗುತ್ತಾನೆ. ಸಿನಿಮಾದಲ್ಲಿ ಹುಡುಗಿ ಜೂಲಿ. ತಾಯಿಗೆ ಕಾಯಿಲೆ, ದೂರದ ಕಾಲೇಜಿಗೆ ಹೋಗಲೋ ಬೇಡವೋ ಅನ್ನುವ ಗೊಂದಲ. ಸ್ಟುವರ್ಟ್ ಇಲ್ಲಿ ಹೆಸರಾಂತ ಪಾಪ್ ಗಾಯಕ.

ಇಷ್ಟನ್ನು ಬರೆದು ನಿಲ್ಲಿಸಿದರೆ ಅದು ವ್ಯತ್ಯಾಸಗಳ ಪಟ್ಟಿ. ಮುಂದಿನ ಹೆಜ್ಜೆ ಹೀಗಿರಲಿ: ಪುಸ್ತಕದಲ್ಲಿ ಹುಡುಗಿ ರೈಲು ಹತ್ತಿದ ಕಾರಣ ನಗು ತರಿಸುತ್ತದೆ, ಸಿನಿಮಾದಲ್ಲಿ ಆ ಜಾಗಕ್ಕೆ ಕಾಯಿಲೆಯ ತಾಯಿ ಬಂದಿದ್ದಾಳೆ. ಅಂದರೆ ತಮಾಷೆ ತೆಗೆದು ಮರುಕ ಇಟ್ಟರು. ಲಾಭ ಇಲ್ಲದೆ ಇಲ್ಲ, ಜೂಲಿಗೆ ಏನು ಬೇಕು ಅನ್ನೋದು ನೋಡುವವರಿಗೆ ಬೇಗ ಗೊತ್ತಾಗುತ್ತದೆ. ಹುಡುಗ ಸ್ಟಾರ್ ಆದ ತಕ್ಷಣ ಇಬ್ಬರ ನಡುವಿನ ಅಂತರವೂ ಒಂದೇ ನೋಟಕ್ಕೆ ತಿಳಿಯುತ್ತದೆ, ಯಾರೂ ವಿವರಿಸಬೇಕಿಲ್ಲ. ಹೋಗಿದ್ದೇನು ಅಂದರೆ, ಗುರುತು ಪರಿಚಯ ಇಲ್ಲದವಳನ್ನು ಸುಮ್ಮನೆ ಮನೆಗೆ ಕರೆದುಕೊಂಡು ಹೋಗುವ ಆ ಹುಡುಗನ ಸಾದಾತನ. ನನಗೆ ಆ ಸಾದಾತನವೇ ಹೆಚ್ಚು ಇಷ್ಟ. ನಿಮಗೆ ಉಲ್ಟಾ ಅನ್ನಿಸಬಹುದು, ಅನ್ನಿಸಲಿ, ಕಾರಣ ಕೊಟ್ಟು ಬರೆದರೆ ಸಾಕು.

ಮನಸ್ಸಿನ ಮಾತು ಎಲ್ಲಿ ಹೋಯಿತು?

ಪ್ರೇಮ ಕಾದಂಬರಿಯ ಬಹುಪಾಲು ನಡೆಯುವುದು ತಲೆಯೊಳಗೆ. ಅವನು ಯಾಕೆ ಹಾಗೆ ನೋಡಿದ, ನಾನು ಯಾಕೆ ಹಾಗಂದೆ, ಈಗ ಫೋನ್ ಮಾಡಿದರೆ ಏನಂದುಕೊಳ್ಳುತ್ತಾನೆ. ಕ್ಯಾಮೆರಾಗೆ ಇದು ಸಿಗುವುದಿಲ್ಲ. ಸೋಮಾರಿ ಚಿತ್ರಕಥೆಗಾರರು ಒಬ್ಬ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿ ಎಲ್ಲವನ್ನೂ ಅವಳ ಹತ್ತಿರ ಹೇಳಿಸಿಬಿಡುತ್ತಾರೆ. ಆ ಗೆಳತಿಗೆ ಸ್ವಂತದ್ದೊಂದು ಕೆಲಸ, ಒಂದು ತಲೆನೋವು ಇದೆಯಾ ಅಂತ ಗಮನಿಸಿ. ಇಲ್ಲದಿದ್ದರೆ ಅವಳು ಬರೀ ಕಿವಿ.

ಒಳ್ಳೆಯ ರೂಪಾಂತರ ಒಳಗಿನದಕ್ಕೆ ಹೊರಗೊಂದು ವಸ್ತು ಹುಡುಕುತ್ತದೆ. ‘ಕ್ಯಾರಲ್’ (2015) ಬೆಚ್ಚಗಿನ ಹಬ್ಬದ ಸಿನಿಮಾಗಳ ಸಾಲಿಗೆ ಸೇರುವಂಥದ್ದಲ್ಲ, ಆದರೆ ಅದರ ಪ್ರೀತಿ ಶುರುವಾಗುವುದು ಕ್ರಿಸ್‌ಮಸ್ ಸಮಯದಲ್ಲೇ, ಅಂಗಡಿಯ ಆಟಿಕೆ ವಿಭಾಗದಲ್ಲಿ. 1952ರ ಮೂಲ ಕಾದಂಬರಿಯಲ್ಲಿ ಆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಥೆರೀಸ್‌ಗೆ ರಂಗಸಜ್ಜಿಕೆ ಮಾಡುವ ಆಸೆ, ಕಥೆಯೆಲ್ಲ ಅವಳ ಕಣ್ಣಿನಿಂದಲೇ ಸಾಗುತ್ತದೆ. ಸಿನಿಮಾ ಅವಳ ಕೈಗೆ ಕ್ಯಾಮೆರಾ ಕೊಟ್ಟಿತು. ಅವಳು ಮನಸೋತ ಕ್ಯಾರಲ್ ಎಂಬಾಕೆ ಕ್ರಿಸ್‌ಮಸ್ ಮರ ಕೊಳ್ಳುವಾಗ ಥೆರೀಸ್ ದೂರದಿಂದ ಫೋಟೋ ತೆಗೆಯುತ್ತಾಳೆ. ಪುಟಗಟ್ಟಲೆ ಇದ್ದ ನೋಟ ಒಂದು ಕ್ಲಿಕ್‌ನಲ್ಲಿ ಬಂದುಬಿಟ್ಟಿತು. ನೀವು ನೋಡಿದ ಸಿನಿಮಾದಲ್ಲಿ ಇಂಥ ಒಂದೇ ಒಂದು ವಸ್ತು ಸಿಕ್ಕಿದರೂ ಅದಕ್ಕೆ ಒಂದು ಪ್ಯಾರಾ ಮೀಸಲಿಡಿ.

‘ಡ್ಯಾಶ್ ಆ್ಯಂಡ್ ಲಿಲಿ’ ಸರಣಿಗೆ ಈ ಕಷ್ಟ ಅಷ್ಟಾಗಿ ಇರಲಿಲ್ಲ. ಅದರ ಮೂಲವಾದ 2010ರ ಕಾದಂಬರಿಯಲ್ಲಿ ಇಬ್ಬರೂ ನ್ಯೂಯಾರ್ಕ್‌ನ ಪುಸ್ತಕದಂಗಡಿಯೊಂದರಲ್ಲಿ ಇಟ್ಟ ಕೆಂಪು ನೋಟ್‌ಬುಕ್ ಮೂಲಕವೇ ಮಾತಾಡುತ್ತಾರೆ, ಒಂದು ಅಧ್ಯಾಯ ಅವನದು, ಒಂದು ಅವಳದು. 2020ರ ಸರಣಿಯಲ್ಲೂ ಮೊದಲ ಕಂತು ಡ್ಯಾಶ್‌ನದು, ಎರಡನೆಯದು ಲಿಲಿಯದು. ಒಟ್ಟು 8 ಕಂತು ಇದ್ದಿದ್ದರಿಂದ ಉಸಿರಾಡಲು ಜಾಗವೂ ಇತ್ತು. ಸರಣಿಗೆ ವಿಮರ್ಶೆ ಬರೆಯುವಾಗ ಅದನ್ನು ಒಂದೂವರೆ ಗಂಟೆಯ ಸಿನಿಮಾದ ಜೊತೆ ಸಮ ತೂಗಬೇಡಿ.

ಬೆಚ್ಚಗಾಯಿತು ಅಂತ ಬರೆದರೆ ಸಾಲದು

ಕಷ್ಟದ ಭಾಗ ಇದು. ಕಣ್ಣು ಒದ್ದೆಯಾಯಿತು, ಸರಿ, ಯಾವ ಕ್ಷಣದಲ್ಲಿ? ಅದಕ್ಕಿಂತ ಮುಂಚೆ ಏನಾಗಿತ್ತು? ನೋಡುವಾಗಲೇ ಸಮಯ ಬರೆದಿಟ್ಟುಕೊಳ್ಳಿ, ಆಮೇಲೆ ಅಲ್ಲಿಗೆ ಹಿಂದಿರುಗಿ. ಆ ದೃಶ್ಯವನ್ನು ಒಂದು ಸಲ ಸೌಂಡ್ ಆಫ್ ಮಾಡಿ ನೋಡಿ. ಮಾತು, ಸಂಗೀತ ಎರಡೂ ಇಲ್ಲದಾಗಲೂ ನಟರ ಮುಖದಲ್ಲಿ, ಕೈಯಲ್ಲಿ ಏನಾದರೂ ನಡೆಯುತ್ತಿದ್ದರೆ ದೃಶ್ಯ ಗಟ್ಟಿ. ಏನೂ ಇಲ್ಲ, ಪಿಯಾನೋ ಶುರುವಾಗಿದ್ದಕ್ಕೇ ನಿಮಗೆ ಅಳು ಬಂದಿದ್ದು ಅಂತಾದರೆ ಅದನ್ನೂ ಹೇಳಿ.

ಬರೆಯುವ ಬಗೆ ತೋರಿಸಲು ಒಂದು ದೃಶ್ಯ ಕಲ್ಪಿಸಿಕೊಳ್ಳೋಣ, ಉಡುಗೊರೆಗೆಂದು ಮನೆಯ ಒಬ್ಬೊಬ್ಬರಿಗೂ ಒಂದೊಂದು ಕಾಲುಚೀಲ ತೂಗುಹಾಕುವ ಕ್ರಿಸ್‌ಮಸ್ ಪದ್ಧತಿಯದ್ದು. ‘ಅಪ್ಪ ಮಗಳ ಬಾಂಧವ್ಯ ಮನಕಲಕುವಂತೆ ಮೂಡಿಬಂದಿದೆ’ ಅಂತ ಬರೆದರೆ ಅದು ಯಾವ ಸಿನಿಮಾಗಾದರೂ ಹೊಂದುತ್ತದೆ, ಆದ್ದರಿಂದ ಯಾವುದಕ್ಕೂ ಹೊಂದುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಅಗ್ಗಿಷ್ಟಿಕೆಯ ಮೇಲೆ ನಾಲ್ಕು ಮೊಳೆ, ಮೂರು ಕಾಲುಚೀಲ. ಯಾರೂ ಏನೂ ಹೇಳುವುದಿಲ್ಲ. ಮರುದಿನ ಮಗಳು ಅಟ್ಟದ ಪೆಟ್ಟಿಗೆಯಿಂದ ಅಮ್ಮನ ಹೆಸರು ಹೊಲಿದ ಕಾಲುಚೀಲ ತಂದು ನಾಲ್ಕನೇ ಮೊಳೆಗೆ ತೂಗುಹಾಕುತ್ತಾಳೆ, ಒಳಗೆ ಬಂದ ಅಪ್ಪ ಅದನ್ನು ನೋಡಿ ತನ್ನ ಟೋಪಿ ತೆಗೆಯುತ್ತಾನೆ.’ ಇಲ್ಲಿ ವಿಶೇಷಣ ಒಂದೂ ಇಲ್ಲ. ಓದಿದವರಿಗೆ ಸಿನಿಮಾ ಎಂಥದ್ದು ಅಂತ ಗೊತ್ತಾಗುತ್ತದೆ.

ಅಂದಹಾಗೆ ಈ ಕಥೆಗಳಲ್ಲಿ ಯಾರಾದರೊಬ್ಬರು ತೀರಿಕೊಂಡೇ ಇರುತ್ತಾರೆ, ಹೆಚ್ಚಾಗಿ ತಾಯಿ ಅಥವಾ ಹೆಂಡತಿ. ಅದಕ್ಕೆ ಬೇಸರ ಬೇಡ, ಆದರೆ ಒಂದು ಪ್ರಶ್ನೆ ಕೇಳಿ. ಆ ಸತ್ತವರ ಬಗ್ಗೆ ನಮಗೆ ಒಂದಾದರೂ ವಿಷಯ ತಿಳಿಯಿತಾ? ಸಿಟ್ಟು ಬರುತ್ತಿತ್ತಾ, ಹಾಡು ಹೇಳಿದರೆ ತಾಳ ತಪ್ಪುತ್ತಿತ್ತಾ? ಬರೀ ಫೋಟೋ ಚೌಕಟ್ಟಿನಲ್ಲಿ ನಗುತ್ತಿದ್ದರೆ ಕಥೆ ಅವರ ಸಾವನ್ನು ಪುಕ್ಕಟೆ ಬಳಸಿಕೊಂಡಿದೆ ಅಂತಲೇ ಅರ್ಥ. ಕಾದಂಬರಿಯಲ್ಲಿ ಆ ವ್ಯಕ್ತಿಗೆ ಒಂದಿಡೀ ಅಧ್ಯಾಯ ಸಿಕ್ಕಿದ್ದರೆ ಹೋಲಿಕೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಗರದಲ್ಲಿ ಬಿಟ್ಟುಬಂದ ಹಳೆಯ ಪ್ರಿಯಕರನೂ ಹಾಗೇ, ಪಾಪ, ಪುಸ್ತಕದಲ್ಲಿ ಮನುಷ್ಯನಾಗಿದ್ದವನು ಸಿನಿಮಾದಲ್ಲಿ ಯಾವಾಗಲೂ ಫೋನ್‌ನಲ್ಲಿ ಮಾತಾಡುವ ಸೂಟ್ ಆಗಿಬಿಡುತ್ತಾನೆ.

ಹಿಮ, ಜಾಹೀರಾತು ಇತ್ಯಾದಿ

ಹಿಮ ನಕಲಿ ಅಂತ ಗೇಲಿ ಮಾಡೋದು ಸುಲಭ. ಇಂಥ ಟಿವಿ ಸಿನಿಮಾಗಳನ್ನು ಬೇಸಿಗೆಯಲ್ಲಿ ಚಿತ್ರೀಕರಿಸುವುದು ಮಾಮೂಲು, ಚಳಿಯಲ್ಲಿ ನಿಂತವರ ಬಾಯಿಂದ ಹಬೆ ಬರದಿರುವುದು ಕಣ್ಣಿಗೆ ಬೀಳುತ್ತದೆ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಕೂಡ ಬಿಸಿಲಲ್ಲೇ ಚಿತ್ರೀಕರಣವಾಗಿದ್ದು. ಅದಕ್ಕೂ ಮುಂಚೆ ಸಿನಿಮಾಗಳಲ್ಲಿ ಹಿಮಕ್ಕೆಂದು ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಚೆಲ್ಲುತ್ತಿದ್ದರು, ಕಾಲಿಟ್ಟರೆ ಕರಕರ ಸದ್ದು, ಮಾತನ್ನು ಆಮೇಲೆ ಸೇರಿಸಬೇಕಿತ್ತು. ಆ ಸಿನಿಮಾಗೆ ಬೆಂಕಿ ನಂದಿಸುವ ನೊರೆಯಿಂದ ಸದ್ದಿಲ್ಲದ ಹಿಮ ಮಾಡಿಕೊಂಡರು. ನಕಲಿ ಅಂತ ಯಾರೂ ಅದನ್ನು ಬಿಟ್ಟುಹಾಕಲಿಲ್ಲ. ಚಳಿ ಕಥೆಗೆ ಬೇಕಿದ್ದು, ಅದು ತಟ್ಟದಿದ್ದರೆ ಮಾತ್ರ ಬರೆಯಿರಿ.

ಟಿವಿಗೆ ಮಾಡಿದ ಸಿನಿಮಾ ಜಾಹೀರಾತು ಸೇರಿ ಎರಡು ಗಂಟೆಯ ಜಾಗದಲ್ಲಿ ಕೂರಬೇಕು, ಹಾಗಾಗಿ ಸಿನಿಮಾ ಒಂದೂವರೆ ಗಂಟೆಯ ಒಳಗೇ ಇರುತ್ತದೆ, ಪ್ರತಿ ಜಾಹೀರಾತು ಬಿಡುವಿಗೂ ಮೊದಲು ಮುಂದೇನು ಅನ್ನಿಸುವ ಒಂದು ಸಣ್ಣ ಕೊಕ್ಕೆ ಇರುತ್ತದೆ. ಜಾಹೀರಾತಿಲ್ಲದೆ ನೋಡಿದಾಗ ಕಥೆ ಎಡವಿದಂತೆ ಅನ್ನಿಸುವುದು ಇದಕ್ಕೇ. ಮುನ್ನೂರು ಪುಟದ ಕಾದಂಬರಿ ಅಷ್ಟರಲ್ಲಿ ಹಿಡಿಯಬೇಕೆಂದರೆ ಉಪಕಥೆಗಳು ಹೋಗಲೇಬೇಕು, ಅದಕ್ಕೆ ಅಂಕ ಕಳೆಯಬೇಡಿ.

ಇನ್ನು ಬರೆಯಿರಿ

‘ಕ್ರಿಸ್‌ಮಸ್ ಬಂತೆಂದರೆ ಸಾಕು’ ಅಂತ ದಯವಿಟ್ಟು ಶುರು ಮಾಡಬೇಡಿ. ನಿಮ್ಮ ಮನಸ್ಸಿನಲ್ಲಿ ಉಳಿದ ದೃಶ್ಯದಿಂದಲೋ, ತಗಾದೆಯಿಂದಲೋ ಶುರು ಮಾಡಿ. ಸಿನಿಮಾದ ಹೆಸರು, ವರ್ಷ, ನಿರ್ದೇಶಕರು, ಕಾದಂಬರಿ, ಅದರ ಲೇಖಕರು ಎಲ್ಲವೂ ಎರಡು ಸಾಲಿನಲ್ಲಿ ಮುಗಿಯಲಿ, ಚಿತ್ರಕಥೆ ಬರೆದವರ ಹೆಸರು ಮಾತ್ರ ಮರೆಯಬೇಡಿ, ಇಷ್ಟು ಹೊತ್ತು ನೀವು ತೂಗಿದ್ದು ಅವರ ಕೆಲಸವನ್ನೇ. ಕಥೆಯನ್ನು ಮೊದಲ ಮೂರನೇ ಒಂದು ಭಾಗದಾಚೆ ಹೇಳಬೇಡಿ. ಒಂದಾಗುತ್ತಾರೆ ಅನ್ನೋದು ಗುಟ್ಟಲ್ಲ, ಆದರೆ ಹಳೆಯ ಪತ್ರದಲ್ಲಿ ಏನಿತ್ತು, ಬಾಗಿಲು ತೆರೆದವರು ಯಾರು ಅನ್ನೋದು ಗುಟ್ಟು. ಪುಸ್ತಕ ಓದಿದವರಿಗೆ ಗೊತ್ತು ಅಂತ ಅದನ್ನು ಬಿಟ್ಟುಕೊಡಬೇಡಿ.

ಸ್ಟಾರ್ ಕೊಡುವುದಾದರೆ ಇದೇ ಬಗೆಯ ಸಿನಿಮಾಗಳ ನಡುವೆ ಇಟ್ಟು ಕೊಡಿ. ಯಾರಿಗೆ ಹಿಡಿಸುತ್ತದೆ, ಯಾರಿಗೆ ಇಲ್ಲ ಅಂತ ನೇರವಾಗಿ ಹೇಳಿ: ಹಬ್ಬದ ಹೊತ್ತಿಗೆ ಯಾರನ್ನೋ ಕಳೆದುಕೊಂಡಿರುವವರಿಗೆ ಎಚ್ಚರಿಕೆ ಬೇಕಾದರೆ ಅದೂ ಇರಲಿ. ಸಿನಿಮಾ ನೋಡಿದ ಮೇಲೆ ಪುಸ್ತಕ ಓದಬಹುದಾ ಅನ್ನುವುದಕ್ಕೆ ಒಂದು ಸಾಲಿನ ಉತ್ತರ ಕೊಡಿ, ಓದುವವರು ಕೊನೆಯಲ್ಲಿ ಹುಡುಕುವುದು ಅದನ್ನೇ. ಮತ್ತೆ, ಡಿಸೆಂಬರ್ ಮೊದಲ ವಾರದೊಳಗೆ ಬರೆದು ಮುಗಿಸಿ. 26ರ ಬೆಳಿಗ್ಗೆ ಇದನ್ನು ಯಾರೂ ಓದಲ್ಲ.