ಪ್ಯಾಡಲ್ ಗೇರಿನ ಫೆರಾರಿ: ಕ್ಲಚ್ ಬೇಗ ಸವೆಯದಂತೆ ಓಡಿಸುವುದು ಹೇಗೆ?

ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್, ಕಾಲ ಬಳಿ ಕ್ಲಚ್ ಪೆಡಲ್ ಇಲ್ಲ. ಇಷ್ಟು ನೋಡಿ ಫೆರಾರಿ 360 ಮೊಡೆನಾ ಎಫ್1 ಅನ್ನು ಆಟೊಮ್ಯಾಟಿಕ್ ಕಾರಿನಂತೆ ಓಡಿಸುವವರಿದ್ದಾರೆ. ಕ್ಲಚ್ ಸುಡುವುದು ಅಲ್ಲಿಂದಲೇ ಶುರು. ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸ್, ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್. ಎಡಗಾಲಿನ ಕೆಲಸವನ್ನು ಹೈಡ್ರಾಲಿಕ್ ಪಂಪು ಮತ್ತು ಕಂಪ್ಯೂಟರ್ ಮಾಡುತ್ತವೆ, ಅಷ್ಟೇ. 1989ರಲ್ಲಿ ಫಾರ್ಮುಲಾ ಒನ್ ರೇಸಿಗಿಳಿದ ಈ ಏರ್ಪಾಡು 1997ರಲ್ಲಿ ಎಫ್355 ಮೂಲಕ ರಸ್ತೆಗೆ ಬಂತು. 360, ಎಫ್430ರಲ್ಲಿ ಮುಂದುವರಿಯಿತು. 2009ರ 458 ಇಟಾಲಿಯಾಕ್ಕೆ ಜೋಡಿ ಕ್ಲಚ್ ಬಂದದ್ದರಿಂದ ಅದರ ಲೆಕ್ಕ ಬೇರೆ. 2014ರ ಮಾರುತಿ ಸೆಲೆರಿಯೊ ಎಎಂಟಿ (ಕ್ಲಚ್ ಪೆಡಲ್ ಇಲ್ಲದ ಮ್ಯಾನ್ಯುಯಲ್ ಗೇರಿನ ಕಾರು) ಓಡಿಸಿದವರಿಗೆ ಈ ಜಾತಿ ಹೊಸದಲ್ಲ. ಎರಡರ ಹಿಂದೆಯೂ ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯ ತಂತ್ರಜ್ಞಾನವೇ ಇದೆ.

ಸವೆತ ಎಲ್ಲಿ?

ಓಡುವಾಗ ಗೇರ್ ಬದಲಿಸುವುದರಿಂದ ಕ್ಲಚ್ ಸವೆಯುವುದು ಕಡಿಮೆ. ನಿಂತ ಕಾರು ಹೊರಡುವ ಆ ಒಂದೆರಡು ಸೆಕೆಂಡುಗಳೇ ಕ್ಲಚ್ಚಿನ ಪ್ಲೇಟನ್ನು, ಅಂದರೆ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆಯನ್ನು, ತಿನ್ನುವುದು. 360ರಲ್ಲಿ ಮೊದಲ ಗೇರಿನ 1,500 ಆರ್‌ಪಿಎಂ ಅಂದರೆ ಸುಮಾರು 13 ಕಿ.ಮೀ. ವೇಗ. ಅಲ್ಲಿಗೆ ಮುಟ್ಟುವವರೆಗೂ ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಜೋರಾಗಿ ತಿರುಗುತ್ತಿರುತ್ತದೆ, ಪ್ಲೇಟು ಹಿಂದುಳಿದಿರುತ್ತದೆ, ಎರಡೂ ಉಜ್ಜಾಡುತ್ತಿರುತ್ತವೆ. ಡ್ರೈವರ್‌ಗಳು ಹಾಫ್ ಕ್ಲಚ್ ಅನ್ನುವುದು ಇದನ್ನೇ. ಸಮತಟ್ಟು ರಸ್ತೆಯಲ್ಲಿ 1,500ರ ಬದಲು 3,000 ಆರ್‌ಪಿಎಂನಲ್ಲಿ ಹೊರಟರೆ ಹುಟ್ಟುವ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಏರಿನಲ್ಲಿ ಇದರ ಜೊತೆಗೆ ಎಷ್ಟು ಹೊತ್ತು ಉಜ್ಜಿತು ಎಂಬುದೂ ಸೇರಿಕೊಳ್ಳುತ್ತದೆ.

ಹೊರಡುವ ಕ್ರಮ

ಮೊದಲು ಬ್ರೇಕ್ ಒತ್ತಿ ಬಲಗಡೆ ಪ್ಯಾಡಲ್ ಎಳೆಯಿರಿ. ಮೀಟರಿನಲ್ಲಿ 1 ಅಂತ ಬಂದಿದೆಯೇ ನೋಡಿ. 2ರಲ್ಲಿ ಹೊರಟರೆ ಅದೇ ಆರ್‌ಪಿಎಂಗೂ ಶಾಖ ದುಪ್ಪಟ್ಟು ಮೀರುತ್ತದೆ.

ಬ್ರೇಕಿನಿಂದ ಕಾಲು ಪೂರ್ತಿ ತೆಗೆದ ಮೇಲೆಯೇ ಆಕ್ಸಿಲರೇಟರ್ ಮುಟ್ಟಿ. ಎರಡು ಕಾಲಿನಲ್ಲಿ ಎರಡನ್ನೂ ಒತ್ತುವ ಅಭ್ಯಾಸವಿದ್ದರೆ ಈ ಕಾರಿನಲ್ಲಿ ಬಿಟ್ಟುಬಿಡಿ.

ಈಗ ಮುಖ್ಯವಾದದ್ದು. ಆಕ್ಸಿಲರೇಟರನ್ನು ಮೃದುವಾಗಿ, ಆದರೆ ಅಳುಕದೆ ಒಂದೇ ಸಮನೆ ಒತ್ತಿ. ಮುಳ್ಳು 1,500–2,000ರ ನಡುವೆ ಅರೆಕ್ಷಣ ನಿಂತಂತಾಗುತ್ತದೆ; ಬೆನ್ನಿಗೆ ಸೀಟು ಸ್ವಲ್ಪ ಒತ್ತಿದಂತಾಗಿ, ಆಮೇಲೆ ಆರ್‌ಪಿಎಂ ಮತ್ತು ವೇಗ ಜೊತೆಜೊತೆಯಾಗಿ ಏರತೊಡಗುತ್ತವೆ. ಕ್ಲಚ್ ಪೂರ್ತಿ ಕಚ್ಚಿತು ಅಂದರೆ ಇದೇ. ಅಲ್ಲಿಯವರೆಗೆ ಕಾಲು ಅಲುಗಿಸಬೇಡಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಕಂಪ್ಯೂಟರ್ ಕ್ಲಚ್ಚನ್ನು ಕಚ್ಚಿಸುವುದೇ ಇಲ್ಲ, ಅರ್ಧದಲ್ಲೇ ಉಜ್ಜಿಸುತ್ತಿರುತ್ತದೆ. ನಾಜೂಕಾಗಿ ಓಡಿಸುತ್ತೇವೆಂದುಕೊಂಡವರ ಪ್ಲೇಟೇ ಬೇಗ ಹೋಗುವುದು ಈ ಕಾರಣಕ್ಕೆ.

ಟ್ರಾಫಿಕ್‌ನಲ್ಲಿ

ಬ್ರೇಕ್ ಬಿಟ್ಟ ಮಾತ್ರಕ್ಕೆ ಆಟೊಮ್ಯಾಟಿಕ್ ಹಾಗೆ ಇದು ತೆವಳುವುದಿಲ್ಲ. ಒಂದೊಂದು ಅಡಿ ಸರಿಸಿದಾಗಲೂ ಪ್ಲೇಟಿಗೆ ಅದು ಹೊಸದಾಗಿ ಹೊರಟ ಲೆಕ್ಕ. ಮುಂದೆ ಮೂರು ನಾಲ್ಕು ಕಾರಿನಷ್ಟು ಜಾಗ ಆಗಲಿ, ಹಿಂದಿನವರು ಹಾರ್ನ್ ಹೊಡೆದರೂ ಕಾಯಿರಿ. ಒಮ್ಮೆಗೇ ಹೊರಟು, ಕ್ಲಚ್ ಕಚ್ಚಿದ ಮೇಲೆ ಕಾಲು ತೆಗೆದು ಉರುಳಲು ಬಿಡಿ.

ಸಿಗ್ನಲ್‌ನಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಕಾದರೆ ಎರಡೂ ಪ್ಯಾಡಲ್ ಒಟ್ಟಿಗೆ ಎಳೆದು ನ್ಯೂಟ್ರಲ್ ಮಾಡಿ. ಗೇರಿನಲ್ಲೇ ನಿಂತರೆ ಕ್ಲಚ್ಚನ್ನು ಬಿಡಿಸಿ ಹಿಡಿಯುವ ರಿಲೀಸ್ ಬೇರಿಂಗ್ ಮತ್ತು ಅದರ ಸೀಲುಗಳ ಮೇಲೆ ಒತ್ತಡ ಬಿದ್ದೇ ಇರುತ್ತದೆ. ಗೇರನ್ನು ಕಂಪ್ಯೂಟರೇ ಬದಲಿಸುವ ಆಟೊ ಮೋಡ್ ಊರೊಳಗೆ ಬೇಡ.

ಏರು ಮತ್ತು ರಿವರ್ಸ್

ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಲೇಬೇಡಿ. ಹ್ಯಾಂಡ್‌ಬ್ರೇಕ್ ಎಳೆದು ಮೊದಲ ಗೇರ್ ಹಾಕಿ, ರೇಸ್ ಕೊಡಿ. ಕಾರಿನ ಹಿಂಭಾಗ ತುಸು ಕುಸಿದು ಎಳೆಯತೊಡಗಿದ ಕೂಡಲೇ ಹ್ಯಾಂಡ್‌ಬ್ರೇಕ್ ಇಳಿಸಿ.

ಎಲ್ಲಕ್ಕಿಂತ ಕೆಟ್ಟದ್ದು ಏರಿಗೆ ರಿವರ್ಸ್ ಹೋಗುವುದು. ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಹಿಮ್ಮುಖವಾಗಿ ಹತ್ತಿಸುತ್ತ, ನಡುನಡುವೆ ನಿಲ್ಲಿಸಿ ಸ್ಟೀರಿಂಗ್ ತಿರುಗಿಸುತ್ತ ಹೋದರೆ ಎಷ್ಟೋ ದಿನದ ಸವೆತ ಒಂದೇ ಸಲ ಆಗಿಬಿಡುತ್ತದೆ. ಹೊರಡುವಾಗ ಮುಂದಕ್ಕೇ ಹೋಗುವಂತೆ ಮೊದಲೇ ಯೋಚಿಸಿ ನಿಲ್ಲಿಸಿ. ಹಿಂದಕ್ಕೆ ಇಳಿಜಾರಿದ್ದರೆ ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್ ಮಾಡಿ, ಬ್ರೇಕ್ ಹಿಡಿದುಕೊಂಡು ಉರುಳಿಸಿ. ಸುಟ್ಟ ವಾಸನೆ ಬಂತೋ, ಅಲ್ಲೇ ನಿಲ್ಲಿಸಿ ನ್ಯೂಟ್ರಲ್ ಮಾಡಿ, ಇಪ್ಪತ್ತು ನಿಮಿಷ ಆರಲು ಬಿಡಿ. ಇನ್ನೊಂದೇ ಸಲ ಅಂತ ಪ್ರಯತ್ನಿಸಬೇಡಿ.

ಪರೀಕ್ಷೆ

ಡಯಾಗ್ನೋಸ್ಟಿಕ್ ಉಪಕರಣ ಹಚ್ಚಿದರೆ ಸವೆತ ಶೇಕಡಾವಾರು ಸಿಗುತ್ತದೆ. ಬೇರಿಂಗ್ ನಿಂತಿರುವ ಜಾಗದಿಂದ ಕಂಪ್ಯೂಟರ್ ಕಟ್ಟುವ ಅಂದಾಜು ಅದು. ಹಿಂದೆ ಪ್ಲೇಟು ಬದಲಿಸಿದಾಗ ಹೊಸ ಅಳತೆಯನ್ನು ಕಂಪ್ಯೂಟರ್‌ಗೆ ತುಂಬಿಸಿರದಿದ್ದರೆ ಆ ಅಂಕಿ ಸುಳ್ಳು. ಹಳೆಯ ಕಾರು ಕೊಳ್ಳುವವರು ಇದನ್ನು ಕೇಳಲೇಬೇಕು. ಹೊರಡುವಾಗ ಕಾರು ನಡುಗಿದರೆ ಪ್ಲೇಟೇ ಹೋಗಿದೆ ಎನ್ನಬೇಡಿ. ಕ್ಲಚ್ ಕಚ್ಚುವ ಜಾಗದ ಸೆಟ್ಟಿಂಗ್ ಆಚೀಚೆ ಆಗಿದ್ದರೂ ಹಾಗಾಗುತ್ತದೆ, ಮೊದಲು ಅದನ್ನು ಸರಿಪಡಿಸಿಸಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ಒತ್ತಿ ನೋಡಿ: ಮುಳ್ಳು ಮಾತ್ರ ಏರಿ ವೇಗ ಏರದಿದ್ದರೆ ಪ್ಲೇಟಿನ ಆಯಸ್ಸು ಮುಗಿದಿದೆ. 360ರಲ್ಲಿ ಪ್ಲೇಟು ಬದಲಿಸಲು ಗೇರ್‌ಬಾಕ್ಸನ್ನೇ ಕಳಚಬೇಕು. ಹಾಗಾಗಿ ರಿಲೀಸ್ ಬೇರಿಂಗ್, ಸೀಲುಗಳನ್ನೂ ಅದೇ ಕೈಯಲ್ಲಿ ಬದಲಿಸಿ. ಫ್ಲೈವೀಲ್ ಮೇಲೆ ಬಿರುಕು, ನೀಲಿ ಕಲೆ ಇವೆಯೇ ನೋಡಿಸಿ.

ಕಾರಿನ ಬಾಗಿಲು ತೆರೆದಾಗ ಹಿಂಭಾಗದಿಂದ ಪಂಪು ಗುಂಯ್ ಎಂದು ಕೆಲವು ಸೆಕೆಂಡು ಓಡಿ ನಿಲ್ಲಬೇಕು. ಎರಡು ಮೂರು ಗೇರಿಗೊಮ್ಮೆ ಓಡುತ್ತಿದ್ದರೆ ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಸೋತಿದೆ ಎಂದು ಶಂಕಿಸಿ. ನಿಲ್ಲದೇ ಓಡುತ್ತಲೇ ಇದ್ದರೆ ಪಂಪಿನ ರಿಲೇ ಅಂಟಿಕೊಂಡಿರಬಹುದು. ಅಗ್ಗದ ಆ ರಿಲೇ ದುಬಾರಿ ಪಂಪನ್ನೇ ಸುಡಬಲ್ಲದು. ಬದಲಿಸುವವರೆಗೆ ಕಾರು ಹೊರಗೆ ತೆಗೆಯಬೇಡಿ.